ಹೊಸಬರಿಗೆ ಮಾತ್ರ ಕಾಲು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ದಿನ ಸಹಿ ಹಾಕುವಾಗ ಬಿಟ್ಟರೆ ಅದು ಯಾರ ನೆನಪಿಗೂ ಬರುತ್ತಿರಲಿಲ್ಲ. ಊರಿನ ಮಟ್ಟಿಗೆ ಅವನು ಕಾಲುಮೇಸ್ತ್ರಿ, ಅಂದರೆ ಕಾಲು ಕಳೆದುಕೊಂಡವರಿಗೆ ಕಾಲು ಮಾಡಿಕೊಡುವವನು. "ಇನ್ನೂ ಕಾಲು ಮೇಸ್ತ್ರಿಯಾಗೇ ಇದ್ದೀಯಲ್ಲೋ, ಅರ್ಧ ಆಗೋದು ಯಾವಾಗ, ಪೂರ್ತಿ ಆಗೋದು ಯಾವಾಗ?" ಎಂದು ಅವನ ಭಾವ ಕಿಚಾಯಿಸುತ್ತಿದ್ದರು. ಬೇರೆ ಯಾರಾದರೂ ಅಂದಿದ್ದರೆ ಮೇಸ್ತ್ರಿಯ ಮೂಗಿನ ತುದಿಯ ಕೋಪ ಹೊರಗೆ ಬರುತ್ತಿತ್ತು. ಭಾವ ಆಡುತ್ತಿದ್ದದ್ದು ಅವನೇ ಮಾಡಿದ ಕಾಲಿನ ಮೇಲೆ ನಿಂತುಕೊಂಡು. ಆ ಹಕ್ಕು ಅವರಿಗಿತ್ತು.

ಅಪ್ಪ ಬಡಗಿ. ಮರದ ಕೆಲಸದ ಕೈ ಮಗನಿಗೂ ಬಂದಿತ್ತು, ಜತೆಗೆ ಬಡಗಿಯ ಹಠವೂ. ಕಾಲು ಜೋಡಿಸಿದ ಮೇಲೆ ಅವನು ಗಿರಾಕಿಯ ಕೈಗೆ ಅಂಚಿನವರೆಗೆ ನೀರು ತುಂಬಿದ ಲೋಟ ಕೊಟ್ಟು ಶೆಡ್ಡಿನ ಆ ತುದಿಗೆ ಹೋಗಿ ಬಾ ಅನ್ನುತ್ತಿದ್ದ. ಒಂದು ಹನಿ ಚೆಲ್ಲಿದರೂ ಕಾಲು ಬಿಚ್ಚು, ಮತ್ತೆ ಉಜ್ಜು, ಮತ್ತೆ ತೊಡಿಸು. ಎರಡು ದಿನ, ಮೂರು ದಿನ, ಕೆಲವರಿಗೆ ವಾರ. "ಏನು ಮೇಸ್ತ್ರಿ, ಕಾಲು ಕೊಡ್ತೀರೋ ಹೋಟೆಲ್ ಕೆಲಸ ಕಲಿಸ್ತೀರೋ?" ಎಂದು ಜನ ಗೊಣಗುತ್ತಿದ್ದರು. ಗೊಣಗಿದವರೇ ವರ್ಷಗಟ್ಟಲೆ ಅದೇ ಕಾಲಿನಲ್ಲಿ ಮೂಟೆ ಹೊತ್ತರು, ಮಕ್ಕಳನ್ನು ಎತ್ತಿಕೊಂಡು ಬಸ್ ಹತ್ತಿದರು.

ಅವನು ಕೆಲಸಕ್ಕಿದ್ದದ್ದು ಪರದೇಶದ ಒಂದು ಸೇವಾಸಂಸ್ಥೆಯಲ್ಲಿ. ಬಸ್ ಡಿಪೋದ ಹಿಂಭಾಗದಲ್ಲಿ ತಗಡಿನ ಸೂರಿನ ಉದ್ದನೆಯ ಶೆಡ್ಡು. ಒಳಗೆ ಪ್ಲಾಸ್ಟರ್ ಪುಡಿ, ಅಂಟು, ಸುಟ್ಟ ಚರ್ಮದ ವಾಸನೆ. ಅದನ್ನು ಶುರು ಮಾಡಿದ್ದು ಒಬ್ಬ ಪರದೇಶದ ಡಾಕ್ಟರಮ್ಮ. ಆಕೆಯ ಕಾಲದಲ್ಲಿ ದುಡ್ಡು ಎಲ್ಲಿಂದ ಬರುತ್ತಿತ್ತು ಅಂದರೆ, ಅಲ್ಲಿ ಯಾವುದೋ ಊರಿನ ಅಜ್ಜಿ ಗಂಡನ ನೆನಪಿಗೆ ಅಂತ ಕಳಿಸುತ್ತಿದ್ದಳು, ಯಾವುದೋ ಶಾಲೆಯ ಮಕ್ಕಳು ಹಳೆ ಪುಸ್ತಕ ಮಾರಿ ಕಳಿಸುತ್ತಿದ್ದರು. ಕೊಟ್ಟವರು ಏನಾಯಿತು ಅಂತ ಕೇಳುತ್ತಿರಲಿಲ್ಲ. ವರ್ಷಕ್ಕೊಮ್ಮೆ ಒಂದು ಥ್ಯಾಂಕ್ಸ್ ಹೋದರೆ ಸಾಕಿತ್ತು. ಶೆಡ್ಡಿನ ಮುಂದೆ ಒಂದು ಬೆಂಚು ಹಾಕಿದ್ದರು. ಬೆಳಗಾದರೆ ಜನ ಬಂದು, ಕಾಲು ಬಿಚ್ಚಿ ತೊಡೆಯ ಮೇಲೆ ಮಲಗಿಸಿಕೊಂಡು, ಮಾತಾಡುತ್ತಾ ಕೂತಿರುತ್ತಿದ್ದರು. ಒಬ್ಬನಿಗೆ ಪಟ್ಟಿ ಹರಿದಿದೆ, ಇನ್ನೊಬ್ಬಳಿಗೆ ಪಾದ ಸವೆದಿದೆ. ಮಾಡಿಕೊಟ್ಟ ಕಾಲು ಸಾಕಿದ ಹಸುವಿನ ಹಾಗೆ, ದಿನಾ ನೋಡಿಕೊಳ್ಳಬೇಕು ಎಂದು ಡಾಕ್ಟರಮ್ಮ ತನ್ನ ಮುರುಕು ಮಾತಿನಲ್ಲಿ ಹೇಳುತ್ತಿದ್ದಳಂತೆ.

ಅಜ್ಜಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಡಾಕ್ಟರಮ್ಮನೂ ವಯಸ್ಸಾಗಿ ತನ್ನ ದೇಶಕ್ಕೆ ಹೊರಟುಹೋದಳು. ದುಡ್ಡು ಕೊಡುವ ಜಾಗಕ್ಕೆ ದೊಡ್ಡ ದೊಡ್ಡ ಕಚೇರಿಗಳು ಬಂದವು, ದಾನಿಗಳು ಅಂತ. ದುಡ್ಡಿದ್ದವನೇ ದೊಡ್ಡಪ್ಪ ತಾನೆ! ಒಬ್ಬ ದೊಡ್ಡಪ್ಪನಿಗೆ ಮಕ್ಕಳ ಮೇಲೆ ಮಮತೆ. ಅವನ ಕಾಲದಲ್ಲಿ ದೊಡ್ಡವರು ಬಾಗಿಲಲ್ಲೇ ವಾಪಸ್. ಇನ್ನೊಬ್ಬನಿಗೆ ಹೆಂಗಸರ ಮೇಲೆ ಕರುಣೆ. ಆಗ ಗಂಡಸರು ಹೆಂಡತಿಯರನ್ನು ಕಳಿಸಿ ತಮ್ಮ ಪಟ್ಟಿ ಹೊಲಿಸಿಕೊಂಡರು. ಮತ್ತೊಬ್ಬನಿಗೆ ಕಾಲೇ ಬೇಡ, ಜಾಗೃತಿ ಬೇಕು. ಆ ವರ್ಷ ಮೆಷಿನ್ನುಗಳಿಗೆ ಬಟ್ಟೆ ಹೊದಿಸಿ, ಕಾಲಿಲ್ಲದವರನ್ನು ಗೌರವದಿಂದ ಕಾಣಿ ಅಂತ ಬೀದಿಬೀದಿಯಲ್ಲಿ ನಾಟಕ ಆಡಿದರು. ಕಾಲಿಲ್ಲದವನ ಪಾತ್ರ ಎರಡೂ ಕಾಲು ಗಟ್ಟಿಯಾಗಿದ್ದ ಮೇಸ್ತ್ರಿಯದು. ಮುಂದಿನ ಸಾಲಿನಲ್ಲಿ ನಿಜಕ್ಕೂ ಕಾಲಿಲ್ಲದವರು ಕೂತು ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಹತ್ತಿರ ಬಂದು, "ಮೇಸ್ತ್ರಿ, ಚೆನ್ನಾಗಿ ಕುಂಟಿದ್ರಿ. ನಮ್ಮ ಸ್ಕ್ರೂ ಸಡಿಲ ಆಗಿದೆ, ಯಾವಾಗ ಬರಲಿ?" ಎಂದು ಕೇಳಿದರು.

ಬಂದ ಪ್ರತಿಯೊಬ್ಬ ದಾನಿಯೂ ಮೆಷಿನ್ನಿಗೆ, ಕುರ್ಚಿಗೆ, ನೀರಿನ ಡ್ರಮ್ಮಿಗೆ ತನ್ನ ಚೀಟಿ ಅಂಟಿಸುತ್ತಿದ್ದ. ಒಬ್ಬರು ನೋಡಲು ಬಂದಾಗ ಇನ್ನೊಬ್ಬರ ಚೀಟಿಯ ಮೇಲೆ ಕ್ಯಾಲೆಂಡರೋ ಟವೆಲ್ಲೋ ನೇತಾಡುತ್ತಿತ್ತು. ಆ ಟವೆಲ್ಲು ಹಾಕುವ ಜವಾಬ್ದಾರಿ ಮೇಸ್ತ್ರಿಯದೇ. ಅವನು ಅದನ್ನು ನಗುನಗುತ್ತಲೇ ಮಾಡುತ್ತಿದ್ದ. ಅದರಲ್ಲಿ ತಪ್ಪೇನಿದೆ ಅಂತ ಅವನಿಗೆ ಅನ್ನಿಸಿರಲಿಲ್ಲ.

ಈಗ ಬಂದ ದಾನಿ ಇವರೆಲ್ಲರಿಗಿಂತ ದೊಡ್ಡವನು. ಅವನು ಕೇಳುವುದು ಒಂದೇ: ಈ ವರ್ಷ ಎಷ್ಟು ಹೊಸ ಜನ ಎದ್ದು ನಡೆದರು? ಹೊಸ ಜನ ಅಂದರೆ ಅವನ ದುಡ್ಡಿನಲ್ಲಿ ಮೊದಲ ಸಲ ಕಾಲು ಪಡೆದವರು. ಹಳಬರು ಲೆಕ್ಕಕ್ಕಿಲ್ಲ, ಹಳಬರ ರಿಪೇರಿ ಮೊದಲೇ ಇಲ್ಲ. ಕಾಲೂ ಅವನ ದೇಶದಲ್ಲೇ ತಯಾರಾಗಿ ಡಬ್ಬದಲ್ಲಿ ಬರುತ್ತಿತ್ತು. ಸಾಕೆಟ್, ಅಂದರೆ ಉಳಿದ ಮೋಟುಗಾಲು ಒಳಗೆ ಕೂರುವ ಬಟ್ಟಲು, ಪ್ಲಾಸ್ಟಿಕ್ಕಿನದು. ಸಣ್ಣದು, ಮಧ್ಯಮ, ದೊಡ್ಡದು ಅಂತ ಅಂಗಿಯ ಹಾಗೆ ಸೈಜಿನ ಮೇಲೆ. ಹಗುರ, ಹೊಳಪು. ಒಂದೇ ಮಧ್ಯಾಹ್ನದಲ್ಲಿ ಜೋಡಿಸಬಹುದು. ಹೊರಗಿನ ಬೆಂಚು ತೆಗೆದು ಅಲ್ಲಿ ದಾನಿಯ ಹೆಸರಿನ ಬೋರ್ಡು ನಿಲ್ಲಿಸಿದರು.

ಮೊದಮೊದಲು ಮೇಸ್ತ್ರಿ ಕದ್ದುಮುಚ್ಚಿ ರಿಪೇರಿ ಮಾಡಿಕೊಟ್ಟ. ಹಿಂಬಾಗಿಲಿನಿಂದ ಬಂದ ಕಾಲು ಟೀ ಹೊತ್ತಿನಲ್ಲಿ ರೆಡಿಯಾಗಿ ಹಿಂಬಾಗಿಲಿನಿಂದಲೇ ಹೋಗುತ್ತಿತ್ತು. ಮೇನೇಜರ್ ಮೇಡಂ ಕಂಡೂ ಕಾಣದ ಹಾಗಿದ್ದರು. ಕೆಟ್ಟ ಹೆಂಗಸಲ್ಲ ಅವರು. ಶೆಡ್ಡಿನ ಎಲ್ಲರ ಸಂಬಳದ ಚಿಂತೆ ತಲೆಯಲ್ಲಿ ಹೊತ್ತು, ಮಾತ್ರೆ ನುಂಗಿಕೊಂಡು ಕೆಲಸ ಮಾಡುವವರು. ಒಂದು ದಿನ ಮೆಲ್ಲಗೆ, "ಮೇಸ್ತ್ರಿ, ರಿಪೇರಿಗೆ ಹೋದ ಹೊತ್ತೆಲ್ಲ ಲೆಕ್ಕಕ್ಕೆ ಸಿಗ್ತಿಲ್ಲ. ನಾನು ಏನಂತ ಉತ್ತರ ಕೊಡಲಿ?" ಎಂದರು. ಅವತ್ತಿನಿಂದ ಅವನು ಹಿಂಬಾಗಿಲಿಗೆ ಚಿಲಕ ಹಾಕಿದ. ತರಕಾರಿ ಮಾರುವ ಮುದುಕಿಯೊಬ್ಬಳು ಹರಿದ ಪಟ್ಟಿಗೆ ಸೀರೆಯ ಅಂಚು ಸುತ್ತಿಕೊಂಡು ಬಂದು ಬಾಗಿಲು ಬಡಿದಾಗ, ಒಳಗೆ ಉಸಿರು ಬಿಗಿಹಿಡಿದು ಕೂತಿದ್ದ. ಅವಳು ಕುಂಟುತ್ತಾ ಹೋದ ಸದ್ದು ಕೇಳಿದ ಮೇಲೆ ಎದ್ದ. ಮನಸ್ಸು ಚುರುಕ್ ಅಂದಿತು, ನಿಜ. ಆದರೆ ಸಂಬಳ ಕೊಡುವ ಕೈಯನ್ನು ಯಾರು ಕಚ್ಚುತ್ತಾರೆ?

ಇನ್ನು ಭಾವನ ವಿಷಯ. ಭಾವನದು ಮಾರ್ಕೆಟ್ ಬೀದಿಯಲ್ಲಿ ಪುಟ್ಟ ಬೇಕರಿ. ಹರೆಯದಲ್ಲಿ ಬ್ರೆಡ್ಡಿನ ಗಾಡಿಗೆ ಲಾರಿ ಗುದ್ದಿ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಡಾಕ್ಟರಮ್ಮನ ಕಾಲದಲ್ಲಿ, ಮೇಸ್ತ್ರಿ ಇನ್ನೊಬ್ಬರ ನೆರವಿಲ್ಲದೆ ಮಾಡಿದ ಮೊದಲ ಕಾಲು ಅವರದೇ: ಮರದ ಬಟ್ಟಲು, ಒಳಗೆ ಚರ್ಮ, ರಬ್ಬರ್ ಪಾದ. ಲೋಟದ ನೀರು ಚೆಲ್ಲದೆ ನಡೆಯುವುದಕ್ಕೆ ಅವರಿಗೆ ಸುಮಾರು ದಿನ ಹಿಡಿಯಿತು. ಆ ದಿನಗಳಲ್ಲಿ ತಮ್ಮನಿಗೆ ಊಟದ ಡಬ್ಬಿ ತರುತ್ತಿದ್ದ ಅಕ್ಕ, ಲೋಟ ಹಿಡಿದು ಬೆವರುತ್ತಿದ್ದ ಆ ಮನುಷ್ಯನನ್ನು ನೋಡಿ ನಕ್ಕಳು. ಅವರು ನೀರು ಚೆಲ್ಲಿದರು. ಮುಂದಿನದು ಹೇಳಬೇಕಾಗಿಲ್ಲ. "ನಿಮ್ಮಕ್ಕ ಕಟ್ಟಿಕೊಂಡಿದ್ದು ನನ್ನನ್ನಲ್ಲ ಮಾರಾಯ, ನೀನು ಮಾಡಿದ ಕಾಲನ್ನ" ಎಂದು ಭಾವ ಈಗಲೂ ಹೇಳುತ್ತಿದ್ದರು. ಅಮ್ಮ ಇಲ್ಲದ ಮನೆಯಲ್ಲಿ ಮೇಸ್ತ್ರಿಯನ್ನು ಸಾಕಿದವಳು ಆ ಅಕ್ಕ. ಅವಳ ಸಂಸಾರ ತನ್ನ ಕೈಕೆಲಸದ ಮೇಲೆ ನಿಂತಿದೆ ಅನ್ನುವುದು ಅವನ ಒಳಗಿನ ದೊಡ್ಡ ಹೆಮ್ಮೆ.

ಬೇಕರಿ ಅಂದರೆ ಬೆಳಗಿನಿಂದ ಸಂಜೆವರೆಗೆ ನಿಂತ ಕೆಲಸ. ಹಿಟ್ಟು ನಾದುವುದು ನಿಂತು, ಒಲೆಯಿಂದ ಟ್ರೇ ಎಳೆಯುವುದು ನಿಂತು. ಒಲೆಯ ಝಳಕ್ಕೆ ಮೈಯೆಲ್ಲ ಬೆವರು. ಆದರೆ ಆ ಹಳೆಯ ಚರ್ಮ ಬೆವರು ಕುಡಿದು ಕುಡಿದು ಭಾವನ ಮೋಟುಗಾಲಿನ ಆಕಾರವನ್ನೇ ಕಲಿತುಬಿಟ್ಟಿತ್ತು. ಈಚೆಗೆ ಭಾವನಿಗೆ ಸಕ್ಕರೆ ಕಾಯಿಲೆ ಬೇರೆ ಬಂದಿತ್ತು. "ಅಂಗಡಿ ತುಂಬ ಸಿಹಿ ಇಟ್ಟುಕೊಂಡು ಬಾಯಿಗೆ ಬೀಗ" ಎಂದು ನಗುತ್ತಿದ್ದರು. ಸಕ್ಕರೆ ಇದ್ದವರ ಕಾಲಿಗೆ ಒಂದು ಗೀರು ಬಿದ್ದರೂ ಮಾಯುವುದಿಲ್ಲ, ಕಾಲು ಜೋಡಿಸುವಾಗ ಎರಡರಷ್ಟು ಎಚ್ಚರ ಬೇಕು ಅನ್ನುವುದು ಮೇಸ್ತ್ರಿಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಹೀಗಿರುವಾಗ ಭಾವನ ರಬ್ಬರ್ ಪಾದ ಬಿರುಕು ಬಿಟ್ಟಿತು. ಅದೇ ಹೊತ್ತಿಗೆ ದಾನಿಯ ಕಡೆಯವರು ಶೆಡ್ಡು ನೋಡಲು ಬರುವ ಸುದ್ದಿಯೂ ಬಂತು.

ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೊಸ ಜನರ ಲೆಕ್ಕ ಇನ್ನೂ ತುಂಬಿಲ್ಲ. ಊರಲ್ಲಿ ಕಾಲು ಕಳೆದುಕೊಂಡವರೆಲ್ಲ ಹೆಚ್ಚುಕಡಿಮೆ ಹಳಬರೇ. ಲೆಕ್ಕ ತುಂಬದಿದ್ದರೆ ಮುಂದಿನ ವರ್ಷದ ದುಡ್ಡಿಲ್ಲ. ದುಡ್ಡಿಲ್ಲದಿದ್ದರೆ ಶೆಡ್ಡಿಗೆ ಬೀಗ. "ಜನರ ಕಾಲು ಮುರಿಯೋಕಾಗುತ್ತಾ ಹೇಳಿ?" ಎಂದು ಅವರು ತಮಾಷೆ ಮಾಡಲು ಹೋಗಿ, ಯಾರೂ ನಗದಿದ್ದಾಗ ತಾವೇ ತಲೆ ತಗ್ಗಿಸಿದರು.

ಆಗ ಬಾಯಿ ಬಿಟ್ಟವನು ಮೇಸ್ತ್ರಿ. ಯಾರೂ ಅವನನ್ನು ಕೇಳಿರಲಿಲ್ಲ. ಮುಂದೆ ಎಷ್ಟೋ ಸಲ ಅವನು ಆ ಗಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ, ಯಾರಾದರೂ ತನ್ನನ್ನು ಒತ್ತಾಯಿಸಿದ್ದರೇ ಎಂದು ಹುಡುಕಿದ. ಇಲ್ಲ, ಯಾರೂ ಇರಲಿಲ್ಲ.

"ನಮ್ಮ ಭಾವ ಇದಾರಲ್ಲ ಮೇಡಂ" ಎಂದ.

"ಅವರಿಗೆ ಕಾಲಿದೆಯಲ್ರೀ."

"ಅದು ಡಾಕ್ಟರಮ್ಮನ ಕಾಲದ್ದು. ಈ ದಾನಿಯ ದುಡ್ಡಲ್ಲಿ ಅವರು ಇನ್ನೂ ಏನೂ ತಗೊಂಡಿಲ್ಲ. ಇವರ ಲೆಕ್ಕದಲ್ಲಿ ಹೊಸಬರೇ ತಾನೆ? ಹಾಗೆ ನೋಡಿದರೆ ಹಳಬರು ಬೇಕಾದಷ್ಟು ಜನ ಇದಾರೆ."

ಮೇಡಂ ಲೆಕ್ಕದ ಹಾಳೆ ತಿರುವಿದರು. "ಅವರಿಗೆ ತೊಂದರೆ ಆಗಲ್ವಾ?" ಎಂದು ಕೇಳಿದರು. "ತೊಂದರೆ ಏನು ಬಂತು, ಹೊಸ ಕಾಲು ಪುಕ್ಕಟೆ ಸಿಗುತ್ತೆ" ಎಂದ ಮೇಸ್ತ್ರಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಉಂಟೇ ಅಂತ ಅವನಿಗೆ ಒಳಗೊಳಗೇ ಖುಷಿಯೂ ಆಯಿತು.

ಬೇಕರಿಗೆ ಹೋದಾಗ ಭಾವ ಹಿಟ್ಟಿನ ಕೈಯಲ್ಲೇ ಕಾಲು ಮುಂದೆ ಚಾಚಿದರು. "ನೋಡು, ಬಾಯಿ ಬಿಟ್ಟಿದೆ. ಒಂದು ಪಾದ ಹಾಕಿಕೊಡು ಸಾಕು. ಮಿಕ್ಕಿದ್ದು ಕಲ್ಲಿನ ಹಾಗಿದೆ."

"ಪಾದ ಈಗ ಸಿಗಲ್ಲ ಭಾವ. ಆ ಮಾದರಿ ಬರೋದೇ ನಿಂತುಹೋಯ್ತು. ಹೊಸ ಕಾಲೇ ತಗೊಳ್ಳಿ."

ಅದು ಸುಳ್ಳು. ಶೆಡ್ಡಿನ ಅಟ್ಟದ ಮೇಲೆ, ಹಳೆಯ ಗೋಣಿಯೊಂದರಲ್ಲಿ, ಡಾಕ್ಟರಮ್ಮ ತರಿಸಿಟ್ಟ ರಬ್ಬರ್ ಪಾದಗಳಿದ್ದವು. ಭಾವನ ಅಳತೆಯದೂ ಇತ್ತು. ಮೇಸ್ತ್ರಿ ಕಳೆದ ವಾರವಷ್ಟೇ ಆ ಗೋಣಿಯ ಧೂಳು ಕೊಡವಿದ್ದ. ಒಂದು ಪಾದ ಬಿಚ್ಚಿ ಇನ್ನೊಂದು ಹಾಕುವುದು ಅವನಿಗೆ ಟೀ ಕುಡಿದಷ್ಟು ಹೊತ್ತಿನ ಕೆಲಸ.

"ಈ ಕಾಲಿಗೆ ಏನಾಗಿದೆ ಅಂತ ಹೊಸದು? ಇದು ನನ್ನ ಮದುವೆ ಕಾಲು ಕಣೋ" ಎಂದರು ಭಾವ. ಆಮೇಲೆ ಭಾಮೈದನ ಮುಖ ನೋಡಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತರು. "ನಿನಗೆ ಇದರಿಂದ ಏನಾದರೂ ಅನುಕೂಲ ಉಂಟಾ?"

ಮೇಸ್ತ್ರಿ ಶೆಡ್ಡಿನ ವಿಷಯ ಹೇಳಿದ. ಪಾದದ ವಿಷಯ ಹೇಳಲಿಲ್ಲ.

"ಅಷ್ಟೇ ತಾನೆ? ಮೊದಲೇ ಹೇಳಬಾರದಾ? ನೀನು ಕೊಟ್ಟ ಕಾಲು, ನೀನು ಬದಲಾಯಿಸ್ತೀಯ. ನಾನ್ಯಾರು ಬೇಡ ಅನ್ನೋಕೆ" ಎಂದರು ಭಾವ, ಒಂದು ಬನ್ನು ಅವನ ಕೈಗಿಡುತ್ತಾ.

ಭಾವನ ಮೋಟುಗಾಲು ಮಧ್ಯಮ ಸೈಜಿಗೆ ದಪ್ಪ, ದೊಡ್ಡ ಸೈಜಿಗೆ ಸಣ್ಣ. ಮೇಸ್ತ್ರಿ ದೊಡ್ಡದನ್ನೇ ಹಾಕಿ, ಒಳಗೆ ದಪ್ಪ ಕಾಲುಚೀಲಗಳನ್ನು ಒಂದರ ಮೇಲೊಂದು ತೊಡಿಸಿ ತುಂಬಿಸಿದ. ಮೂಳೆಯ ತುದಿ ಒಂದು ಕಡೆ ಒತ್ತುತ್ತಿತ್ತು. ಉಜ್ಜಿ ಸರಿಮಾಡಲು ದಿನಗಳು ಬೇಕು, ಅತಿಥಿಗಳು ಬರುವುದು ಮಾರನೆಯ ದಿನ. ಲೋಟದ ನೀರಿನ ಮಾತನ್ನು ಅವನೂ ಎತ್ತಲಿಲ್ಲ, ಭಾವನೂ ಎತ್ತಲಿಲ್ಲ.

ದಾನಿಯದು ಇನ್ನೊಂದು ನಿಯಮವಿತ್ತು. ಹೊಸ ಕಾಲು ಕೊಟ್ಟರೆ ಹಳೆಯದನ್ನು ಕತ್ತರಿಸಿ ಹಾಕಬೇಕು, ಇಲ್ಲದಿದ್ದರೆ ಜನ ಒಂದನ್ನು ಮಾರಿಕೊಳ್ಳುತ್ತಾರೆ ಅಂತ. ಮೇಸ್ತ್ರಿ ಆ ಸಂಜೆ ಭಾವನ ಹಳೆಯ ಕಾಲನ್ನು ಗರಗಸದ ಮೆಷಿನ್ನಿಗೆ ಕೊಟ್ಟ. ಅಡಗಿಸಿಡಬಹುದಿತ್ತು, ಯಾರು ಬಂದು ಅಟ್ಟ ಹತ್ತಿ ನೋಡುತ್ತಿದ್ದರು? ಆದರೆ ಆ ಹೊತ್ತಿಗೆ ಅವನಿಗೆ ಎಲ್ಲವನ್ನೂ ಸರಿಯಾಗಿ ಮಾಡುವ ಹುಚ್ಚು ಹತ್ತಿತ್ತು. ಮರ ಸೀಳಿದಾಗ ಒಳಗಿನ ಚರ್ಮದಿಂದ ಬ್ರೆಡ್ಡಿನ ವಾಸನೆ ಬಂತು. ಅವನು ಮೆಷಿನ್ ನಿಲ್ಲಿಸಿದ. ಆಮೇಲೆ ಉಳಿದದ್ದನ್ನೂ ಕತ್ತರಿಸಿದ.

ಬಂದ ಅತಿಥಿಗಳು ಒಳ್ಳೆಯ ಜನ. ಬಿಸಿಲಲ್ಲಿ ಕೆಂಪಗಾದ ಮುಖದಲ್ಲಿ ಎಲ್ಲರಿಗೂ ಕೈ ಮುಗಿದರು, ಎಲ್ಲವನ್ನೂ ಗಮನವಿಟ್ಟು ನೋಡಿದರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕ್ಯಾಮೆರಾದ ಮುಂದೆ ಹೋಗಿ ಬಂದರು. ತುಟಿ ಕಚ್ಚಿಕೊಂಡಿದ್ದು ಮೇಸ್ತ್ರಿಗೆ ಮಾತ್ರ ಕಂಡಿತು. ಅತಿಥಿಗಳಲ್ಲಿ ಹಿರಿಯ ಹೆಂಗಸೊಬ್ಬಳು, ಈ ಕಾಲು ಬರುವ ಮೊದಲು ನಿಮ್ಮ ಬದುಕು ಹೇಗಿತ್ತು ಎಂದು ಕೇಳಿದಳು. ಮೇಡಂ ಅದನ್ನು ಕನ್ನಡದಲ್ಲಿ ಹೇಳಿದರು. ಭಾವ ಒಂದು ಸಲ ಭಾಮೈದನ ಕಡೆ ನೋಡಿದರು.

"ಮೂಲೇಲಿ ಕೂತಿದ್ದೆ ಅಮ್ಮಾ" ಎಂದರು.

ಕೂತವರಲ್ಲ ಅವರು. ಮದುವೆಯಾದಂದಿನಿಂದ ಒಂದು ದಿನ ಒಲೆ ಆರಿಸಿದವರಲ್ಲ. ಸುಳ್ಳು ಹೇಳಲು ಬಾರದ, ತೂಕದಲ್ಲಿ ಯಾವಾಗಲೂ ಒಂದು ಬನ್ನು ಹೆಚ್ಚೇ ಹಾಕುವ ಮನುಷ್ಯ. ಆ ಹೆಂಗಸಿನ ಕಣ್ಣು ತೇವವಾಯಿತು. ಅವರ ಎರಡೂ ಕೈ ಹಿಡಿದುಕೊಂಡಳು. ಬಾಗಿಲ ಬಳಿ ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತಿದ್ದ ಅಕ್ಕ ಬುಟ್ಟಿಯನ್ನು ಅಲ್ಲೇ ಇಟ್ಟು ಮನೆಗೆ ಹೋದಳು. ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಟವೆಲ್ಲಿನ ಹಿಂದೆ ಚೀಟಿ ಮುಚ್ಚಿದಷ್ಟು ಸುಲಭವಾಗಿರಲಿಲ್ಲ ಇದು.

ಸಂಜೆ ಅಕ್ಕ ಅವನನ್ನು ಕೂರಲೂ ಹೇಳಲಿಲ್ಲ. "ಇಷ್ಟು ವರ್ಷ ನನ್ನ ಸಾಕಿದ ಗಂಡನ್ನ ಮೂಲೇಲಿ ಕೂತಿದ್ದೋನು ಅಂತ ಹೇಳಿಸಿದ್ಯಲ್ಲೋ" ಎಂದಳು. "ನಾನೇ ಹೇಳಿದ್ದು ಕಣೇ, ಅವನೇನು ಹೇಳಿಸಿಲ್ಲ" ಎಂದರು ಭಾವ ಒಳಗಿನಿಂದ. ಅದೂ ಮೇಸ್ತ್ರಿಯ ಎದೆಗೇ ಚುಚ್ಚಿತು.

ಮುಂದಿನ ವರ್ಷದ ದುಡ್ಡು ಮಂಜೂರಾಗುವ ಮಾತು ನಡೆಯುತ್ತಿತ್ತು. ಯಾರಿಂದಾದರೂ ದೂರು ಬಂದರೆ ದಾನಿಗೆ ಬರೆದು ತಿಳಿಸಬೇಕು ಎಂದು ಮೇಡಂ ಎಚ್ಚರಿಸಿದ್ದರು. ಆ ದಿನಗಳಲ್ಲೇ ಅಕ್ಕ ಶೆಡ್ಡಿಗೆ ಬಂದು, "ಅವರ ಕಾಲಿಗೆ ಹುಣ್ಣಾಗಿದೆ, ಬಂದು ನೋಡು" ಎಂದಳು. ಅವನು ಹೋಗಿ ನೋಡಿದ. ಮೂಳೆಯ ತುದಿಯಲ್ಲಿ ಚರ್ಮ ಕೆಂಪಗೆ ಕಿತ್ತುಬಂದಿತ್ತು. ಒಲೆಯ ಮುಂದೆ ಬೆವರು ಆ ಪ್ಲಾಸ್ಟಿಕ್ ಬಟ್ಟಲಿನೊಳಗೆ ಇಂಗದೆ ನಿಂತುಬಿಡುತ್ತಿತ್ತು. ಕಾಲು ಬಿಚ್ಚಿಡಿ, ಹುಣ್ಣು ಮಾಯುವವರೆಗೆ ಮುಟ್ಟಬೇಡಿ ಎಂದು ಹೇಳಬೇಕಿತ್ತು. ಹಾಗೆ ಹೇಳಿದರೆ ಬೇಕರಿ ಮುಚ್ಚುತ್ತದೆ, ಊರಿಗೆ ತಿಳಿಯುತ್ತದೆ, ಅದು ದೂರಾಗುತ್ತದೆ.

"ಹೊಸ ಚಪ್ಪಲಿ ಕಚ್ಚಲ್ವಾ ಭಾವ, ಇದೂ ಹಾಗೇ. ಇನ್ನೊಂದು ಕಾಲುಚೀಲ ಹಾಕಿಕೊಳ್ಳಿ, ಸ್ವಲ್ಪ ದಿನ ತಡ್ಕೊಳ್ಳಿ" ಎಂದ.

ಭಾವ ತಡೆದುಕೊಂಡರು. ಅದೇ ಆದದ್ದು. ಹುಣ್ಣು ಹೆಚ್ಚಾದದ್ದನ್ನು ಹೆಂಡತಿಗೂ ತೋರಿಸದೆ, ಭಾಮೈದನ ಕೆಲಸಕ್ಕೆ ಕುತ್ತು ಬರಬಾರದೆಂದು ಅದೇ ಕಾಲಿನಲ್ಲಿ ನಿಂತು ಹಿಟ್ಟು ನಾದಿದರು. ದುಡ್ಡು ಮಂಜೂರಾಯಿತು. ಶೆಡ್ಡಿನಲ್ಲಿ ಸ್ವೀಟು ಹಂಚಿದರು. ಮೇಸ್ತ್ರಿ ಒಂದು ತುಂಡು ಕಾಗದದಲ್ಲಿ ಸುತ್ತಿಕೊಂಡು, ಇನ್ನು ಧೈರ್ಯವಾಗಿ ಭಾವನ ಕಾಲು ಬಿಚ್ಚಿಸಿ, ತಾನೇ ಒಂದು ಮರದ ಕಾಲು ಮಾಡಿಕೊಡುತ್ತೇನೆ ಎಂದುಕೊಂಡು ಬೇಕರಿಗೆ ಹೋದ. ಬೇಕರಿಯ ಬಾಗಿಲು ಹಾಕಿತ್ತು. ಪಕ್ಕದ ಅಂಗಡಿಯವನು, "ಜ್ವರ ಅಂತ ಬೆಳಗ್ಗೆ ಬಿದ್ದುಬಿಟ್ಟರು, ಆಸ್ಪತ್ರೆಗೆ ಒಯ್ದರು" ಎಂದ.

ನಂಜು ಮೇಲಕ್ಕೇರಿತ್ತು. ಆಸ್ಪತ್ರೆಯವರು ತಡ ಮಾಡಲಿಲ್ಲ. ಮೊಣಕಾಲಿನ ಮೇಲೆ ಕತ್ತರಿಸಿದರು. ಸುದ್ದಿ ಕೇಳಿದಾಗ ಮೇಸ್ತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲಿದ್ದ. ಮೊಣಕಾಲು ಅಂದರೆ ಏನು ಅನ್ನುವುದು ಊರಲ್ಲಿ ಅವನಷ್ಟು ಬೇರೆ ಯಾರಿಗೆ ಗೊತ್ತು? ಮೊಣಕಾಲು ಉಳಿದವನು ಮೆಟ್ಟಿಲು ಹತ್ತುತ್ತಾನೆ, ಮೂಟೆ ಹೊರುತ್ತಾನೆ, ಟ್ರೇ ಎಳೆಯುತ್ತಾನೆ. ಮೊಣಕಾಲು ಹೋದವನು ಎಷ್ಟು ಒಳ್ಳೆಯ ಕಾಲು ಹಾಕಿಕೊಂಡರೂ ಇಡೀ ದಿನ ಒಲೆಯ ಮುಂದೆ ನಿಲ್ಲಲಾರ. ಬೇಕರಿ ಮುಗಿಯಿತು ಅಂತ ಅವನಿಗೆ ಅಕ್ಕನಿಗಿಂತ ಮೊದಲೇ ಗೊತ್ತಾಯಿತು.

ಅಕ್ಕ ವಾರ್ಡಿನ ಬಾಗಿಲಲ್ಲಿ ಅವನನ್ನು ತಡೆದಳು. ಕೂಗಾಡಲಿಲ್ಲ. "ಮನೆಗೆ ಮಾರಿ, ಪರರಿಗೆ ಉಪಕಾರಿ ಅಂತಾರಲ್ಲ, ಅದನ್ನ ನಿನ್ನಂಥೋರನ್ನ ನೋಡೇ ಹೇಳಿರಬೇಕು. ಹೋಗು ಒಳಗೆ, ನಿನ್ನನ್ನೇ ಕೇಳ್ತಿದಾರೆ" ಎಂದಳು.

ಭಾವ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಮುಖ ಇಳಿದುಹೋಗಿತ್ತು. ಅವನು ಬಂದು ನಿಂತದ್ದು ಕಂಡು ಕೈ ಚಾಚಿದರು. "ಅಳಬೇಡವೋ. ನಿಮ್ಮಕ್ಕ ಏನೇನೋ ಅಂತಾಳೆ, ಮನಸ್ಸಿಗೆ ಹಚ್ಕೋಬೇಡ. ನಿನ್ನ ತಪ್ಪೇನಿದೆ? ಹಳೇ ಪಾದ ಸಿಗಲೇ ಇಲ್ಲ. ಸಿಕ್ಕಿದ್ದರೆ ನೀನು ಹಾಕಿಕೊಡದೇ ಇರ್ತಿದ್ಯಾ?"

ಮೇಸ್ತ್ರಿ ಆ ಮಾತನ್ನು ನುಂಗಿಕೊಂಡು ಸುಮ್ಮನಿರಬಹುದಿತ್ತು. ಅಟ್ಟದ ಗೋಣಿ ಯಾರಿಗೂ ಗೊತ್ತಿಲ್ಲ.

"ಪಾದ ಇತ್ತು ಭಾವ" ಎಂದ.

ಭಾವನಿಗೆ ಮೊದಲು ಅರ್ಥವಾಗಲಿಲ್ಲ. "ಎಲ್ಲಿ?"

"ಅಟ್ಟದ ಮೇಲೆ. ನಿಮ್ಮ ಅಳತೇದೇ. ನಾನೇ ಇಲ್ಲ ಅಂದೆ. ಪಾದ ಹಾಕಿದ್ದರೆ ನೀವು ಲೆಕ್ಕಕ್ಕೆ ಬರ್ತಿರಲಿಲ್ಲ."

ಭಾವ ಅವನ ಕೈಯನ್ನು ಕೊಸರಿಕೊಳ್ಳಲಿಲ್ಲ, ಮೆಲ್ಲಗೆ ಬಿಟ್ಟರು. "ಹೋಗಿ ನಿಮ್ಮಕ್ಕನ್ನ ಕಳಿಸು" ಎಂದರು. ಅದಾದ ಮೇಲೆ ಅವರು ಅವನ ಜತೆ ಮಾತಾಡಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಇಲ್ಲ. ಮೇಸ್ತ್ರಿ ದಿನಾ ಹೋಗಿ ಬೇಕರಿಯ ಕಸ ಗುಡಿಸಿ, ಆರಿದ ಒಲೆಯನ್ನು ಒರೆಸಿ ಬರುತ್ತಿದ್ದ. ಅಕ್ಕ ಬೀಗದ ಕೈ ಕೊಡುತ್ತಿದ್ದಳು, ವಾಪಸ್ ಇಸಿದುಕೊಳ್ಳುತ್ತಿದ್ದಳು. ಕಿಚಾಯಿಸುವವರಿಲ್ಲದೆ ಆ ಮನೆ ಅವನಿಗೆ ಪರರ ಮನೆಯಾಯಿತು. ಕೆಲಸ ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡ. ಬಿಟ್ಟರೆ ಭಾವನಿಗೆ ಕಾಲು ಮಾಡುವವರು ಯಾರು ಅನ್ನುವ ನೆಪ ಮನಸ್ಸು ಕೊಡುತ್ತಿತ್ತು. ಅದು ನೆಪವೋ ನಿಜವೋ ಅವನಿಗೇ ತಿಳಿಯುತ್ತಿರಲಿಲ್ಲ.

ಗಾಯ ಮಾಗಿದ ಮೇಲೆ ಒಂದು ಬೆಳಗ್ಗೆ ಮೇಡಂ ಅವನನ್ನು ಕರೆದರು. ಅವರಿಗೂ ಆ ದಿನಗಳಲ್ಲಿ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಹೋಗಿ ಬಂದಿದ್ದರು, ಅಕ್ಕ ಹಣ್ಣು ಮುಟ್ಟಿರಲಿಲ್ಲ.

"ಮೇಸ್ತ್ರಿ, ನಾನು ದಾನಿಗೆ ಬರೆದು ಕೇಳಿದೆ. ಮೊಣಕಾಲಿನ ಮೇಲಿನ ಕಾಲು ಅಂದರೆ ಅದು ಬೇರೆಯದೇ ವಿಭಾಗವಂತೆ. ನಿಮ್ಮ ಭಾವನಿಗೆ ಮತ್ತೆ ಕಾಲು ಕೊಡಬಹುದು. ಮತ್ತೆ ಹೊಸಬರು ಅಂತಲೇ ತಗೋತಾರೆ." ಒಳ್ಳೆಯ ಸುದ್ದಿ ಹೇಳುವ ಉತ್ಸಾಹದಲ್ಲಿ ಶುರುಮಾಡಿದವರ ದನಿ ಕೊನೆಗೆ ಬರುವಾಗ ಇಳಿದುಹೋಗಿತ್ತು.

ಭಾವ ಬರುವುದಿಲ್ಲ ಎಂದು ಮೇಸ್ತ್ರಿ ಅಂದುಕೊಂಡಿದ್ದ. ಆದರೆ ಕಾಲು ಮಾಡುವ ಜಾಗ ಊರಲ್ಲಿ ಇನ್ನೊಂದಿರಲಿಲ್ಲ, ಇರುವ ಜಾಗದಲ್ಲಿ ಮೇಸ್ತ್ರಿ ಇನ್ನೊಬ್ಬನಿರಲಿಲ್ಲ. ಭಾವ ಊರುಗೋಲಿನ ಮೇಲೆ ಬಂದರು, ಹಿಂದೆ ಅಕ್ಕ.

ತೊಡೆಯ ಕಾಲಿಗೆ ಡಬ್ಬದ ಬಟ್ಟಲು ನಡೆಯದು, ಅಚ್ಚು ತೆಗೆದೇ ಮಾಡಬೇಕು. ತೊಡೆಗೆ ಪ್ಲಾಸ್ಟರಿನ ಅಚ್ಚು ತೆಗೆಯುವಾಗ ಮನುಷ್ಯ ನಿಂತಿರಬೇಕು. ಒಂದು ಕೈಗೆ ಗೋಡೆಯ ಕಂಬಿ, ಇನ್ನೊಂದು ಕೈಗೆ ಕೆಳಗೆ ಕೂತು ಅಚ್ಚು ಸುತ್ತುವವನ ಹೆಗಲು, ಬೇರೆ ಆಧಾರವಿಲ್ಲ. ಭಾವ ಒಂದು ಗಳಿಗೆ ಅನುಮಾನಿಸಿದರು. ಆಮೇಲೆ ಮೇಸ್ತ್ರಿಯ ಹೆಗಲು ಹಿಡಿದುಕೊಂಡರು. ಕೈ ಮೊದಲಿಗಿಂತ ಹಗುರವಾಗಿತ್ತು. ಮೇಸ್ತ್ರಿ ನೆಲದ ಮೇಲೆ ಮಂಡಿ ಊರಿ, ಒದ್ದೆ ಪಟ್ಟಿಯನ್ನು ಸುತ್ತಿದ, ಬೆರಳಿನಿಂದ ಒತ್ತಿ ಒತ್ತಿ ನುಣುಪು ಮಾಡಿದ. ಇಷ್ಟು ಎಚ್ಚರದಿಂದ ಅವನು ಯಾವ ಅಚ್ಚನ್ನೂ ತೆಗೆದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿದಳು: "ಇವರನ್ನ ಏನಂತ ಬರಕೊಂಡ್ಯೋ? ಹಳಬರು ಅಂತಲೋ, ಹೊಸಬರು ಅಂತಲೋ?"

ಮೇಸ್ತ್ರಿಯ ಕೈ ನಿಂತಿತು.

"ಹೇಳಪ್ಪ, ಅವಳು ಕೇಳ್ತಿದಾಳೆ" ಎಂದರು ಭಾವ. ಆಸ್ಪತ್ರೆಯ ನಂತರ ಅವನೊಡನೆ ಅವರು ಆಡಿದ ಮೊದಲ ಮಾತು ಅದು.

"ಹೊಸಬರು" ಎಂದ ಮೇಸ್ತ್ರಿ.

ಅಚ್ಚು ಇನ್ನೂ ಹಸಿಯಾಗಿತ್ತು. ಅದು ಗಟ್ಟಿಯಾಗುವವರೆಗೂ ಭಾವ ಅವನ ಹೆಗಲಿನಿಂದ ಕೈ ತೆಗೆಯುವ ಹಾಗಿರಲಿಲ್ಲ, ಅವನು ತಲೆ ಎತ್ತುವ ಹಾಗೂ ಇರಲಿಲ್ಲ.